ಐಐಟಿ ಮದ್ರಾಸ್ ರಿಸರ್ಚ್ ಪಾರ್ಕಿನಲ್ಲಿ ಆರ್ ಅಂಡ್ ಡಿ ಜಾಗ ಹಿಡಿಯುವ ಮೊದಲು ಏನೇನು ನೋಡಬೇಕು? (ಬ್ಯಾಟರಿ ಪ್ಯಾಕ್, 14 ಜನರ ಕಂಪನಿ)

ಸೆಲ್‌ಪ್ಯಾಕ್_ಪೀಣ್ಯ

ಎಲ್ಲರಿಗೂ ನಮಸ್ಕಾರ. ದ್ವಿಚಕ್ರ ವಾಹನಗಳಿಗೆ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ ಪ್ಯಾಕ್ ಮತ್ತು ಬಿಎಂಎಸ್ (ಬ್ಯಾಟರಿಯ ಮೇಲೆ ನಿಗಾ ಇಟ್ಟು ನಿಯಂತ್ರಿಸುವ ವ್ಯವಸ್ಥೆ) ಮಾಡುವ ಕಂಪನಿ ನಮ್ಮದು. 14 ಜನ ಇದ್ದೇವೆ. ನೋಂದಾಯಿತ ಕಚೇರಿ ಕರ್ನಾಟಕದಲ್ಲಿದೆ, ತಯಾರಿಕೆ ಪೀಣ್ಯದಲ್ಲೇ ಇರುತ್ತದೆ, ಅದನ್ನು ಕದಲಿಸುವುದಿಲ್ಲ. ಆರ್ ಅಂಡ್ ಡಿ ತಂಡದ 5-6 ಜನರನ್ನು ಮಾತ್ರ ಚೆನ್ನೈ ತರಮಣಿಯ ಐಐಟಿ ಮದ್ರಾಸ್ ರಿಸರ್ಚ್ ಪಾರ್ಕಿನಲ್ಲಿ ಕೂರಿಸುವ ಯೋಚನೆಯಿದೆ. 2,000 ಚದರಡಿ ಸಾಕೆಂದು ಅಂದಾಜು. ಬ್ಯಾಟರಿಯನ್ನು ಮತ್ತೆ ಮತ್ತೆ ಚಾರ್ಜ್, ಡಿಸ್ಚಾರ್ಜ್ ಮಾಡಿ ಪರೀಕ್ಷಿಸುವ 8 ಚಾನೆಲ್ ಸೈಕ್ಲರ್ (ಚಾನೆಲ್‌ಗೆ 60 ವೋಲ್ಟ್, 100 ಆಂಪ್) ಮತ್ತು 1,000 ಲೀಟರಿನ ಒಂದು ಎನ್ವಿರಾನ್ಮೆಂಟಲ್ ಚೇಂಬರ್ (ತಾಪಮಾನ ನಿಯಂತ್ರಿಸಿ ಪರೀಕ್ಷಿಸುವ ಪೆಟ್ಟಿಗೆ) ಅಲ್ಲಿಗೆ ಹೋಗಬೇಕು.

ಕೇಳಬೇಕಾಗಿರುವುದು ಇಷ್ಟು. ಬಾಡಿಗೆಯ ಮೇಲೆ ನಿಜವಾಗಿ ಎಷ್ಟು ಖರ್ಚು ಬೀಳುತ್ತದೆ? ಕ್ರೆಡಿಟ್ ಪದ್ಧತಿ ಅಂದರೇನು? ವಿದ್ಯಾರ್ಥಿಗಳು, ಪ್ರಾಧ್ಯಾಪಕರು ನಮ್ಮ ವಿನ್ಯಾಸದಲ್ಲಿ ಕೈಯಾಡಿಸಿದರೆ ಅದು ಯಾರ ಸ್ವತ್ತಾಗುತ್ತದೆ? ಬೆಂಗಳೂರಿನಲ್ಲೇ ಇದ್ದುಕೊಂಡು ಇದೆಲ್ಲ ಸಾಧ್ಯವೇ? ಗೊತ್ತಿದ್ದವರು ದಯವಿಟ್ಟು ಹೇಳಿ.

---

ತರಮಣಿ_ತಿರುವು

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. ಆ ಆವರಣಕ್ಕೆ ಎರಡು ದಾರಿಗಳಿವೆ. ಒಂದು, ಬಾಡಿಗೆದಾರ ಕಂಪನಿಯಾಗಿ ರಿಸರ್ಚ್ ಪಾರ್ಕಿಗೆ ಬರುವುದು. ಇನ್ನೊಂದು, ಎಳೆಯ ಸ್ಟಾರ್ಟಪ್ ಆಗಿ ಇನ್‌ಕ್ಯುಬೇಷನ್ ಸೆಲ್ ಮೂಲಕ ಬರುವುದು. ಎರಡನೆಯದರಲ್ಲಿ ಜಾಗ, ಮಾರ್ಗದರ್ಶನ, ಮೊದಲ ಹಣ ಎಲ್ಲ ಒಟ್ಟಿಗೆ ಸಿಗುತ್ತದೆ, ಬದಲಿಗೆ ಷೇರಿನಲ್ಲಿ ಪಾಲು ಕೊಡಬೇಕಾಗುತ್ತದೆ. ನಿಮ್ಮಲ್ಲಿ ಆಗಲೇ ತಯಾರಿಕೆ ನಡೆಯುತ್ತಿದೆ, ಹಾಗಾಗಿ ನಿಮ್ಮದು ಮೊದಲನೆಯ ದಾರಿ. ಷೇರಿನ ಮಾತು ಇಲ್ಲಿ ಏಳಬೇಕಾಗಿಲ್ಲ. ಯಾರಾದರೂ ಎತ್ತಿದರೆ ಯಾವ ದಾರಿಯ ಅರ್ಜಿ ತುಂಬಿದ್ದೀರಿ ಎಂದು ಮತ್ತೊಮ್ಮೆ ನೋಡಿ.

2010ರಲ್ಲಿ ಮೊದಲ ಕಟ್ಟಡ ತೆರೆದಾಗಿನಿಂದ ಪಾರ್ಕಿನ ತಿರುಳು ಒಂದೇ. ಪ್ರೊ. ಅಶೋಕ್ ಝುಂಝುನ್‌ವಾಲಾ ಅವರ ಮುಂದಾಳತ್ವದಲ್ಲಿ ಅದನ್ನು ಕಟ್ಟಿದ್ದೇ ಕಂಪನಿಯೂ ಐಐಟಿಯೂ ದಿನನಿತ್ಯ ಒಟ್ಟಿಗೆ ಕೆಲಸ ಮಾಡಲಿ ಎಂದು. ಸುಮ್ಮನೆ ಒಳ್ಳೆಯ ವಿಳಾಸಕ್ಕಾಗಿ ಬಂದು ಕೂರುವವರನ್ನು ತಡೆಯಲು ಇರುವುದೇ ಕ್ರೆಡಿಟ್. ಪ್ರಾಧ್ಯಾಪಕರಿಗೆ ಪ್ರಾಯೋಜಿತ ಸಂಶೋಧನೆ ಕೊಟ್ಟರೆ, ಕನ್ಸಲ್ಟೆನ್ಸಿ ಪಡೆದರೆ, ವಿದ್ಯಾರ್ಥಿಗಳನ್ನು ಇಂಟರ್ನ್ ಅಥವಾ ಅರೆಕಾಲಿಕ ಕೆಲಸಕ್ಕೆ ತೆಗೆದುಕೊಂಡರೆ, ನಿಮ್ಮ ಎಂಜಿನಿಯರುಗಳು ಅಲ್ಲಿ ಎಂಎಸ್ ಅಥವಾ ಪಿಎಚ್‌ಡಿಗೆ ಸೇರಿದರೆ, ಜಂಟಿ ಪೇಟೆಂಟ್ ಮಾಡಿದರೆ ಕ್ರೆಡಿಟ್ ಸೇರುತ್ತದೆ. ಎಷ್ಟು ಬೇಕೆನ್ನುವುದು ನೀವು ಹಿಡಿದ ಜಾಗದ ಅಳತೆಗೆ ಕಟ್ಟಿರುತ್ತದೆ. ಯಾವ ಕೆಲಸಕ್ಕೆ ಎಷ್ಟು ಎಂಬ ಈಗಿನ ಕೋಷ್ಟಕವನ್ನು ಅರ್ಜಿಯ ಜೊತೆಯಲ್ಲೇ ಕೇಳಿ ಪಡೆಯಿರಿ, ಕರಾರಿಗೆ ಅನುಬಂಧವಾಗಿ ಅಂಟಿಸಿ.

ಕಂಪನಿಗಳು ಎಡವುವುದು ಇಲ್ಲೇ. ಮುಂದೆ ಬೆಳೆಯುತ್ತೇವೆ ಎಂದು ಎರಡರಷ್ಟು ಜಾಗ ಹಿಡಿಯುತ್ತಾರೆ, ಖಾಲಿ ಉಳಿದ ಕಡೆ ಮಾರಾಟ ಮತ್ತು ಲೆಕ್ಕಪತ್ರದವರನ್ನು ಕೂರಿಸುತ್ತಾರೆ. ಜಾಗ ದೊಡ್ಡದಾದಷ್ಟೂ ಕ್ರೆಡಿಟ್ ಹೊರೆ ಏರುತ್ತದೆ, ಅದನ್ನು ಗಳಿಸುವ ಆರ್ ಅಂಡ್ ಡಿ ಜನ ಮಾತ್ರ ಅಷ್ಟೇ ಇರುತ್ತಾರೆ. ಕರಾರು ನವೀಕರಣದ ಹೊತ್ತಿಗೆ ಈ ಅಂತರ ಎದ್ದು ಕಾಣುತ್ತದೆ.

ಎರಡನೆಯದು ಪ್ರಾಧ್ಯಾಪಕರ ಸಮಯ. ಐಐಟಿಗಳಲ್ಲಿ ಹೊರಗಿನ ಕನ್ಸಲ್ಟೆನ್ಸಿಗೆ ಸಾಮಾನ್ಯವಾಗಿ ವಾರಕ್ಕೆ ಒಂದು ದಿನದ ಲೆಕ್ಕ, ವರ್ಷಕ್ಕೆ 52 ದಿನ. ಅವರ ಕೈಯಲ್ಲಿ ಮೂರು ಕಂಪನಿಗಳಿದ್ದರೆ ನಿಮ್ಮ ಪಾಲಿಗೆ ವರ್ಷಕ್ಕೆ 17 ದಿನ, ಅಂದರೆ ತಿಂಗಳಿಗೆ ಒಂದೂವರೆ ದಿನ. ಪಕ್ಕದ ಕಟ್ಟಡದಲ್ಲಿದ್ದ ಮಾತ್ರಕ್ಕೆ ಇದು ಹೆಚ್ಚುವುದಿಲ್ಲ. ಆದ್ದರಿಂದ ಜಾಗಕ್ಕೆ ಅರ್ಜಿ ಹಾಕುವ ಮೊದಲೇ ಪ್ರಾಧ್ಯಾಪಕರನ್ನು ಕಂಡು ಸಮಸ್ಯೆಯನ್ನು ಒಂದು ಪುಟದಲ್ಲಿ ಬರೆದುಕೊಡಿ. "ಬಿಎಂಎಸ್ ಸುಧಾರಣೆ" ಎಂದು ಬರೆದರೆ ಯಾರೂ ಹತ್ತಿರ ಬರುವುದಿಲ್ಲ. "ಎಲ್‌ಎಫ್‌ಪಿ ಸೆಲ್ಲಿನಲ್ಲಿ ಚಾರ್ಜ್ ಮಟ್ಟ 20ರಿಂದ 90%ರ ನಡುವೆ ಲೋಡ್ ಇಲ್ಲದಾಗಿನ ವೋಲ್ಟೇಜ್ ಹತ್ತಾರು ಮಿಲಿವೋಲ್ಟ್ ಮಾತ್ರ ಬದಲಾಗುತ್ತದೆ, ನಮ್ಮ ಅಳತೆಯ ದೋಷ 5 ಮಿಲಿವೋಲ್ಟ್, ಆದ್ದರಿಂದ ಚಾರ್ಜ್ ಅಂದಾಜು ತಪ್ಪುತ್ತಿದೆ, 10ರಿಂದ 45 ಡಿಗ್ರಿ ತಾಪಮಾನದಲ್ಲಿ 3%ರೊಳಗೆ ತರಬೇಕು, ಸೆಲ್ಲುಗಳನ್ನೂ ಡೇಟಾವನ್ನೂ ನಾವು ಕೊಡುತ್ತೇವೆ" ಎಂದು ಬರೆದರೆ ಅದು ಒಬ್ಬ ವಿದ್ಯಾರ್ಥಿಯ ಪ್ರಬಂಧವೇ ಆಗಬಲ್ಲದು. ಬ್ಯಾಟರಿ ಮತ್ತು ವಿದ್ಯುತ್ ವಾಹನಗಳಿಗಾಗಿಯೇ ಅಲ್ಲಿ ಸಿಬೀವ್ ಎಂಬ ಕೇಂದ್ರವಿದೆ, ಮಾತು ಅಲ್ಲಿಂದ ಶುರುಮಾಡಿ.

ತಯಾರಿಕೆಯನ್ನು ಪೀಣ್ಯದಲ್ಲೇ ಇಟ್ಟುಕೊಳ್ಳುವ ನಿರ್ಧಾರ ಸರಿಯಾಗಿದೆ. ಪಾರ್ಕಿನಲ್ಲಿ ಉತ್ಪಾದನೆಗೆ ಎಡೆಯಿಲ್ಲ. ಏಥರ್ 2013ರಲ್ಲಿ ಐಐಟಿ ಮದ್ರಾಸಿನ ಹಳೆಯ ವಿದ್ಯಾರ್ಥಿಗಳಿಂದ ಶುರುವಾಗಿ ಅಲ್ಲೇ ಮೊಳೆತದ್ದು. ಆಮೇಲೆ ಬೆಂಗಳೂರಿಗೆ ಬಂತು, ಸ್ಕೂಟರುಗಳು ತಯಾರಾಗುವುದು ಹೊಸೂರಿನಲ್ಲಿ.

---

ನೆಲಮಹಡಿ

ಕಟ್ಟಡದ ಕಡೆಯಿಂದ ಹೇಳುತ್ತೇನೆ. ಕೆಳಗಿನ ದರಗಳು ಲೆಕ್ಕ ತೋರಿಸಲು ಹಿಡಿದವು, ಪಾರ್ಕಿನ ದರವಲ್ಲ. ನಿಮಗೆ ಸಿಕ್ಕ ಕೊಟೇಷನ್ ಹಾಕಿ ಇದೇ ಲೆಕ್ಕ ಮಾಡಿ.

2,000 ಚದರಡಿ ಎನ್ನುವುದು ಸೂಪರ್ ಬಿಲ್ಟಪ್, ಅಂದರೆ ಗೋಡೆ, ಮೆಟ್ಟಿಲು, ಲಿಫ್ಟಿನಂಥ ಹಂಚಿಕೆಯ ಜಾಗದ ಪಾಲೂ ಸೇರಿದ ಅಳತೆ. ಬಳಕೆಗೆ ಸಿಗುವುದು 72% ಎಂದರೆ 1,440 ಚದರಡಿ. ಬಾಡಿಗೆ ಚದರಡಿಗೆ 60 ರೂ. ಆದರೆ 1,20,000. ನಿರ್ವಹಣೆ ಶುಲ್ಕ 15 ರೂ. ಆದರೆ 30,000. ಇವೆರಡರ ಮೇಲೆ 18% ಜಿಎಸ್‌ಟಿ 27,000. ತಿಂಗಳಿಗೆ ಒಟ್ಟು 1,77,000. ಬಳಕೆಯ ಜಾಗಕ್ಕೆ ಭಾಗಿಸಿದರೆ ಚದರಡಿಗೆ ಸುಮಾರು 123 ರೂ. ಕೇಳಿದಾಗ 60 ಅನ್ನಿಸಿದ್ದು ಕೊಡುವಾಗ ಎರಡರಷ್ಟಾಗಿರುತ್ತದೆ. ಒಳಾಂಗಣ, ವೈರಿಂಗ್, ಎಸಿ ಡಕ್ಟು ಬೇರೆ. ಚದರಡಿಗೆ 1,500ರಂತೆ 21.6 ಲಕ್ಷ. ಮೂರು ವರ್ಷಕ್ಕೆ ಹಂಚಿದರೆ ತಿಂಗಳಿಗೆ 60,000 ಮತ್ತೆ ಸೇರಿತು. ಅಡ್ವಾನ್ಸ್ ಆರು ತಿಂಗಳ ಬಾಡಿಗೆ ಕೇಳಿದರೆ 7.2 ಲಕ್ಷ ಬಡ್ಡಿಯಿಲ್ಲದೆ ಕೂತಿರುತ್ತದೆ.

ಆದರೆ ನಿಮ್ಮ ವಿಷಯದಲ್ಲಿ ಬಾಡಿಗೆಗಿಂತ ದೊಡ್ಡ ತಲೆನೋವು ಸೈಕ್ಲರ್. 60 ವೋಲ್ಟ್ × 100 ಆಂಪ್ ಅಂದರೆ ಚಾನೆಲ್‌ಗೆ 6 ಕಿಲೋವ್ಯಾಟ್. ಎಂಟೂ ಒಟ್ಟಿಗೆ ಚಾರ್ಜ್ ಮಾಡಿದರೆ 48, ದಕ್ಷತೆ 88% ಹಿಡಿದರೆ ಗೋಡೆಯಿಂದ ಎಳೆಯುವುದು ಸುಮಾರು 55 ಕಿಲೋವ್ಯಾಟ್. ಕಚೇರಿಗೆಂದು ಕಟ್ಟಿದ ಮಹಡಿಯಲ್ಲಿ 2,000 ಚದರಡಿಗೆ ಮೀಸಲಿಡುವ ಲೋಡಿನಲ್ಲಿ ಇದು ಕೂರುವುದಿಲ್ಲ. ಡಿಸ್ಚಾರ್ಜ್ ಹೊತ್ತಿಗೆ ಪರಿಸ್ಥಿತಿ ಇನ್ನೂ ಬಿಗಡಾಯಿಸುತ್ತದೆ. ಶಕ್ತಿಯನ್ನು ಗ್ರಿಡ್‌ಗೆ ಮರಳಿಸುವ ರೀಜನರೇಟಿವ್ ಸೈಕ್ಲರ್ ಅಲ್ಲದಿದ್ದರೆ ಆ 48 ಕಿಲೋವ್ಯಾಟ್ ಪೂರ್ತಿ ಶಾಖವಾಗಿ ಕೋಣೆಗೇ ಬೀಳುತ್ತದೆ. ಒಂದು ಟನ್ ಎಸಿ ಎಂದರೆ 3.517 ಕಿಲೋವ್ಯಾಟ್, ಅದರಿಂದ ಭಾಗಿಸಿ, 13.6 ಟನ್ ಎಸಿ ಬೇಕು, ಅದೂ ಬರೀ ಸೈಕ್ಲರಿಗೆ. ರೀಜನರೇಟಿವ್ ತೆಗೆದುಕೊಂಡರೆ ಶಾಖ ಕೆಲವೇ ಕಿಲೋವ್ಯಾಟಿಗೆ ಇಳಿಯುತ್ತದೆ. ಆದರೆ ಜನರೇಟರ್ ಮೇಲೆ ಓಡುವಾಗ ಮರಳಿದ ಕರೆಂಟು ಹೋಗಲು ಜಾಗವಿರದೆ ಯಂತ್ರ ಟ್ರಿಪ್ ಆಗುವುದುಂಟು. ಜನರೇಟರ್ ಚಾಲೂ ಆದಾಗ ಸೈಕ್ಲರ್ ತಾನಾಗಿ ವಿರಾಮಕ್ಕೆ ಹೋಗುವಂತೆ ಡ್ರೈ ಕಾಂಟ್ಯಾಕ್ಟ್ (ಸಂಕೇತ ಕೊಡುವ ಸ್ವಿಚ್) ಕೊಟ್ಟಿರಿ.

ಇನ್ನು ರಾತ್ರಿಯ ಪ್ರಶ್ನೆ. ಒಂದು ಗಂಟೆ ಚಾರ್ಜ್, ಒಂದು ಗಂಟೆ ಡಿಸ್ಚಾರ್ಜ್, ನಡುವೆ ಅರ್ಧ ಗಂಟೆ ವಿಶ್ರಾಂತಿ ಎಂದರೂ 500 ಸೈಕಲ್ಲಿಗೆ 1,250 ಗಂಟೆ, ಎಡೆಬಿಡದೆ 52 ದಿನ. ಕಟ್ಟಡಗಳ ಸೆಂಟ್ರಲ್ ಎಸಿ ಸಾಮಾನ್ಯವಾಗಿ ಸಂಜೆ ನಿಂತುಬಿಡುತ್ತದೆ, ಆಮೇಲೆ ಬೇಕಿದ್ದರೆ ಗಂಟೆಗಿಷ್ಟು ಎಂದು ಹಣ. ಎಸಿ ನಿಂತ ಮೇಲೆ ಕೋಣೆ 25ರಿಂದ 36 ಡಿಗ್ರಿಗೆ ಏರಿದರೆ ಸೆಲ್ಲಿನ ಒಳತಡೆ ಬದಲಾಗುತ್ತದೆ. ಡೇಟಾದಲ್ಲಿ ದಿನಕ್ಕೊಂದು ಅಲೆ ಕಾಣುತ್ತದೆ, ಅದು ಸೆಲ್ಲಿನ ಗುಣವೋ ಕೋಣೆಯ ಗುಣವೋ ಎಂದು ಬೇರ್ಪಡಿಸಲು ಆಗುವುದಿಲ್ಲ. ಸೈಕ್ಲರ್ ಕೋಣೆಗೆ ಸ್ವಂತ ಸ್ಪ್ಲಿಟ್ ಅಥವಾ ಪ್ರಿಸಿಷನ್ ಎಸಿ, ಅದರ ಹೊರಯೂನಿಟ್ಟಿಗೆ ಜಾಗ, ಅದಕ್ಕೆ ಪ್ರತ್ಯೇಕ ಮೀಟರ್, ಈ ಮೂರನ್ನೂ ಸಹಿಗೆ ಮೊದಲು ಬರಹದಲ್ಲಿ ಪಡೆಯಿರಿ.

ಚೇಂಬರಿನ ತೂಕ ನೋಡಿ. ಸಾಮಾನ್ಯ ಕಚೇರಿ ಮಹಡಿಯನ್ನು ಚದರ ಮೀಟರಿಗೆ 250ರಿಂದ 400 ಕಿಲೋ ಭಾರಕ್ಕೆ ಲೆಕ್ಕ ಹಾಕಿರುತ್ತಾರೆ. 1,000 ಲೀಟರಿನ ಚೇಂಬರ್ 1,000 ಕಿಲೋ ತೂಗಿ 1.5 × 2 ಮೀಟರ್ ಜಾಗ ಹಿಡಿದರೆ ಚದರ ಮೀಟರಿಗೆ 333 ಕಿಲೋ ಆಯಿತು. ಅದೂ ನಾಲ್ಕು ಕಾಲಿನ ಮೇಲೆ, ಒಳಗೆ ಪ್ಯಾಕ್ ಇಡುವ ಮೊದಲು. ಕಾಲುಗಳ ಕೆಳಗೆ 10 ಮಿ.ಮೀ. ಉಕ್ಕಿನ ತಗಡು ಹಾಸಿ ಭಾರ ಹಂಚಬೇಕು, ಸಾಧ್ಯವಾದಷ್ಟು ಕಂಬ ಮತ್ತು ತೊಲೆಗಳ ಹತ್ತಿರ ಇಡಬೇಕು. ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಮಾಡಿದ ಪತ್ರ ಇಟ್ಟುಕೊಳ್ಳಿ. ಸರಕು ಲಿಫ್ಟಿನ ಬಾಗಿಲ ಅಗಲ, ಎತ್ತರ, ಒಳಗಿನ ಆಳ, ಹೊರುವ ತೂಕ, ಲಿಫ್ಟಿನಿಂದ ಕೋಣೆಯವರೆಗಿನ ತಿರುವುಗಳು, ಇಷ್ಟನ್ನೂ ನೀವೇ ಟೇಪು ಹಿಡಿದು ಅಳೆಯಿರಿ.

ಬೆಂಕಿಯ ವಿಷಯದಲ್ಲಿ ರಾಜಿ ಬೇಡ. ಮೊಳೆ ಚುಚ್ಚುವುದು, ಓವರ್‌ಚಾರ್ಜ್, ಥರ್ಮಲ್ ರನ್‌ಅವೇ (ಸೆಲ್ ತನ್ನದೇ ಶಾಖದಿಂದ ಹತೋಟಿ ತಪ್ಪಿ ಬಿಸಿಯೇರುವುದು) ಪರೀಕ್ಷೆಗಳನ್ನು ಜನ ಕೆಲಸ ಮಾಡುವ ಬಹುಮಹಡಿ ಕಟ್ಟಡದಲ್ಲಿ ಮಾಡಲೇಬಾರದು. ರನ್‌ಅವೇ ಆದ ಸೆಲ್ಲಿನಿಂದ ಹೊರಬರುವ ಅನಿಲದಲ್ಲಿ ಹೈಡ್ರೋಜನ್, ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಫ್ಲೋರೈಡ್ ಇರುತ್ತವೆ. ಕಚೇರಿಯ ಎಸಿ ಡಕ್ಟು ಅದನ್ನು ಇಡೀ ಮಹಡಿಗೆ ಹಂಚುತ್ತದೆ. ಸೈಕ್ಲಿಂಗ್ ಮಾಡುವ ಚೇಂಬರಿಗೂ ಹೊರಗೆ ತೆರೆಯುವ ಸ್ವಂತ ಎಕ್ಸಾಸ್ಟ್ ಬೇಕು. ದಾಸ್ತಾನು ಪ್ಯಾಕುಗಳನ್ನು 30% ಚಾರ್ಜಿನಲ್ಲಿ, ಬೇರೆ ಕೋಣೆಯಲ್ಲಿ, ವಾರಕ್ಕೆ ಬೇಕಾದಷ್ಟು ಮಾತ್ರ ಇಡಿ. ಎಷ್ಟು ಕಿಲೋವ್ಯಾಟ್-ಅವರ್ ಇಡುತ್ತೀರಿ ಎಂದು ಪಾರ್ಕಿಗೂ ವಿಮಾ ಕಂಪನಿಗೂ ಮೊದಲೇ ಬರೆದು ತಿಳಿಸಿ. ಮುಚ್ಚಿಟ್ಟರೆ ಅವಘಡದ ದಿನ ಕ್ಲೇಮು ನಿಲ್ಲುವುದಿಲ್ಲ.

---

ಕರಾರುಪತ್ರ

ಸ್ವತ್ತಿನ ಪ್ರಶ್ನೆ ನಿಮ್ಮ ನಾಲ್ಕರಲ್ಲಿ ದೊಡ್ಡದು ಎಂದು ನನ್ನ ಅಭಿಪ್ರಾಯ. ಬಾಡಿಗೆ ಹೆಚ್ಚಾಯಿತು ಎಂದರೆ ಬಿಟ್ಟು ಹೊರಡಬಹುದು. ಪೇಟೆಂಟ್ ಕರಾರಿನ ತಪ್ಪು ಹತ್ತು ವರ್ಷ ಬೆನ್ನು ಬಿಡುವುದಿಲ್ಲ.

ಬಾಡಿಗೆ ಕರಾರು ಬೇರೆ, ಸಂಶೋಧನಾ ಕರಾರು ಬೇರೆ. ಪಾರ್ಕಿನಲ್ಲಿ ನಿಮ್ಮ ನೌಕರರು ನಿಮ್ಮ ಯಂತ್ರದಲ್ಲಿ ಮಾಡಿದ್ದು ನಿಮ್ಮದೇ, ಜಾಗ ಕೊಟ್ಟ ಕಾರಣಕ್ಕೆ ಅದರಲ್ಲಿ ಸಂಸ್ಥೆಗೆ ಪಾಲು ಬರುವುದಿಲ್ಲ. ಆದರೆ ನಿಮ್ಮ ಎಂಜಿನಿಯರ್ ಸೆಲ್ ಹಿಡಿದುಕೊಂಡು ಇಲಾಖೆಯ ಲ್ಯಾಬಿಗೆ ಹೋಗಿ, ಅಲ್ಲಿನ ಸಂಶೋಧಕರ ಜೊತೆ ಕೂತು ಪರೀಕ್ಷೆ ಮಾಡಿದ ಕ್ಷಣ ಸಂಸ್ಥೆಯ ಐಪಿ (ಬೌದ್ಧಿಕ ಸ್ವತ್ತು) ನೀತಿ ಅನ್ವಯವಾಗಬಹುದು. ಬೆಲೆ ಕೊಟ್ಟು ಪಡೆದ ಪರೀಕ್ಷಾ ಸೇವೆಗೂ ಜಂಟಿ ಸಂಶೋಧನೆಗೂ ಇರುವ ಗೆರೆಯನ್ನು ಪ್ರತಿ ಕೆಲಸದ ಆದೇಶದಲ್ಲೂ ಬರೆಸಿ.

ಸಂಶೋಧನಾ ಕರಾರಿಗೆ ಸಹಿ ಹಾಕುವ ಮೊದಲು ನಿಮ್ಮ ಬಳಿ ಆಗಲೇ ಏನಿದೆ ಎಂಬ ಅನುಬಂಧ ಮಾಡಿ: ಸರ್ಕ್ಯೂಟ್ ನಕ್ಷೆಗಳ ಆವೃತ್ತಿ ಸಂಖ್ಯೆ, ಫರ್ಮ್‌ವೇರಿನ ಕಮಿಟ್ ಹ್ಯಾಶ್ (ಕೋಡಿನ ಆ ಆವೃತ್ತಿಯ ಗುರುತು), ಪರೀಕ್ಷಾ ಡೇಟಾದ ಪಟ್ಟಿ, ಎಲ್ಲದರ ತಾರೀಖು. ಎರಡು ವರ್ಷದ ನಂತರ "ಈ ಅಲ್ಗಾರಿದಂ ಮೊದಲೇ ಇತ್ತು" ಎಂದು ತೋರಿಸಲು ಇದೇ ಆಧಾರ.

ಜಂಟಿ ಪೇಟೆಂಟ್ ಎಂದಾಗ ಹೆಚ್ಚಿನವರು 50-50 ಎಂದು ಒಪ್ಪಿ ನೆಮ್ಮದಿಯಾಗಿರುತ್ತಾರೆ. ಪೇಟೆಂಟ್ ಕಾಯ್ದೆಯ 50ನೇ ಕಲಂ ಓದಿ. ಜಂಟಿ ಒಡೆಯರು ಇಬ್ಬರೂ ತಮ್ಮ ಲಾಭಕ್ಕೆ ಅದನ್ನು ಬಳಸಬಹುದು. ಆದರೆ ಇನ್ನೊಬ್ಬರ ಒಪ್ಪಿಗೆಯಿಲ್ಲದೆ ಲೈಸೆನ್ಸ್ ಕೊಡುವಂತಿಲ್ಲ, ತಮ್ಮ ಪಾಲನ್ನು ಮಾರುವಂತಿಲ್ಲ. ನಾಳೆ ದೊಡ್ಡ ವಾಹನ ಕಂಪನಿಯೊಂದು ನಿಮ್ಮ ಬಿಎಂಎಸ್‌ಗೆ ಲೈಸೆನ್ಸ್ ಕೇಳಿದರೆ, ಅಥವಾ ಹೂಡಿಕೆದಾರರು ಕಾಗದ ಪರಿಶೀಲಿಸಿದರೆ, ವ್ಯವಹಾರ ಇಲ್ಲೇ ಸಿಕ್ಕಿಕೊಳ್ಳುತ್ತದೆ. ಒಪ್ಪಿಗೆಯನ್ನು ಈಗಲೇ ಕರಾರಿನೊಳಗೆ ಪಡೆಯಿರಿ: ನಿಮ್ಮ ಕ್ಷೇತ್ರ ಯಾವುದು (ದ್ವಿಚಕ್ರ, ತ್ರಿಚಕ್ರ ವಾಹನಗಳ ಬ್ಯಾಟರಿ), ಆ ಕ್ಷೇತ್ರದಲ್ಲಿ ಲೈಸೆನ್ಸ್ ಕೊಡುವ ಹಕ್ಕು ನಿಮ್ಮೊಬ್ಬರದೇ, ಅದಕ್ಕೆ ಸಂಸ್ಥೆಗೆ ಸಲ್ಲುವ ರಾಯಲ್ಟಿ ಎಷ್ಟು, ಪೇಟೆಂಟ್ ಶುಲ್ಕ ಯಾರು ಕಟ್ಟುತ್ತಾರೆ.

ವಿದ್ಯಾರ್ಥಿ ನಿಮ್ಮ ನೌಕರನಲ್ಲ. ಇದನ್ನು ಮರೆಯಬೇಡಿ. ನೌಕರ ಕೆಲಸದ ಭಾಗವಾಗಿ ಬರೆದ ಕೋಡಿನ ಕೃತಿಸ್ವಾಮ್ಯ ಕಂಪನಿಗೆ ತಾನಾಗಿ ಬರುತ್ತದೆ. ಸ್ಟೈಪೆಂಡ್ ಪಡೆಯುವ ಇಂಟರ್ನ್ ಅಥವಾ ಕನ್ಸಲ್ಟೆಂಟ್ ಬರೆದದ್ದನ್ನು ಬರಹದಲ್ಲಿ ವರ್ಗಾಯಿಸಿಕೊಳ್ಳಬೇಕು. ಆ ವರ್ಗಾವಣೆ ಪತ್ರದಲ್ಲಿ ಅವಧಿ ಬರೆಯದಿದ್ದರೆ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಅದನ್ನು 5 ವರ್ಷ ಎಂದು ತಿಳಿಯುತ್ತದೆ. ಯಾವ ದೇಶಗಳಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಬೇರೆ ರೀತಿ ಬರೆದಿರದ ಹೊರತು, ಅದೂ ಬಿದ್ದುಹೋಗುತ್ತದೆ. "ಕೃತಿಸ್ವಾಮ್ಯದ ಪೂರ್ಣ ಅವಧಿಗೆ, ಜಗತ್ತಿನಾದ್ಯಂತ, ಬಳಸದಿದ್ದರೂ ರದ್ದಾಗದಂತೆ" ಎಂಬ ಒಂದು ಸಾಲು ಸೇರಿಸಿ. ಇಂಟರ್ನ್ ಬರುವ ಮೊದಲ ದಿನವೇ ಸಹಿ ಆಗಬೇಕು. ಊರಿಗೆ ಹೋದ ಮೇಲೆ ಹುಡುಕಿಕೊಂಡು ಹೋಗುವ ಪರಿಸ್ಥಿತಿ ಬರಬಾರದು.

ಪ್ರಕಟಣೆಯದು ಇನ್ನೊಂದು ಹಳ್ಳ. ಸಮ್ಮೇಳನದ ಪೋಸ್ಟರ್, ಪತ್ರಿಕೆಯ ಲೇಖನ, ಗ್ರಂಥಾಲಯಕ್ಕೆ ಹೋದ ಪ್ರಬಂಧ, ಯಾವುದೇ ಆಗಲಿ, ಪೇಟೆಂಟ್ ಅರ್ಜಿಗಿಂತ ಮೊದಲು ಹೊರಬಿದ್ದರೆ ಪೇಟೆಂಟಿಗೆ ಬೇಕಾದ ಹೊಸತನ ಹೋಯಿತು. ನಮ್ಮ ಕಾಯ್ದೆಯ ವಿನಾಯಿತಿಗಳು ತುಂಬ ಕಿರಿದು, ಅದನ್ನು ನಂಬಿ ಕೂರಬೇಡಿ. ಪ್ರಕಟಣೆಗೆ ಮೊದಲು ನಿಮಗೆ 45 ದಿನ ಓದಲು ಕೊಡಬೇಕು ಎಂದು ಕರಾರಿನಲ್ಲಿ ಹಾಕಿ. ಆ ದಿನಗಳಲ್ಲಿ ಪ್ರಾವಿಷನಲ್ (ತಾತ್ಕಾಲಿಕ) ಅರ್ಜಿ ಹಾಕಿಬಿಡಿ, ಪೂರ್ಣ ವಿವರಣೆಗೆ ಅಲ್ಲಿಂದ 12 ತಿಂಗಳಿದೆ. ವಿದ್ಯಾರ್ಥಿಯ ಪದವಿಯನ್ನು ತಡೆಹಿಡಿಯುವಂಥ ಷರತ್ತು ಮಾತ್ರ ಕೇಳಬೇಡಿ. ಸಂಸ್ಥೆ ಒಪ್ಪುವುದಿಲ್ಲ, ಒಪ್ಪಲೂಬಾರದು.

ಹೊರದೇಶದಲ್ಲಿ ಮೊದಲು ಅರ್ಜಿ ಹಾಕುವುದಾದರೆ ಪೇಟೆಂಟ್ ಕಾಯ್ದೆಯ 39ನೇ ಕಲಂ ಪ್ರಕಾರ ಅನುಮತಿ ಬೇಕು. ಇಲ್ಲವೇ ಇಲ್ಲಿ ಅರ್ಜಿ ಹಾಕಿ ಆರು ವಾರ ಕಾಯಬೇಕು. ಶುಲ್ಕದಲ್ಲಿ ಸ್ಟಾರ್ಟಪ್‌ಗೂ ಶಿಕ್ಷಣ ಸಂಸ್ಥೆಗೂ 80% ರಿಯಾಯಿತಿಯಿದೆ, ಫಾರ್ಮ್ 28 ಜೊತೆಗಿರಲಿ. ದೊಡ್ಡ ಕಂಪನಿಯೊಂದು ಸಹ ಅರ್ಜಿದಾರನಾಗಿ ಸೇರಿಕೊಂಡರೆ ಆ ರಿಯಾಯಿತಿ ತಪ್ಪುತ್ತದೆ.

---

ಲೆಕ್ಕದ_ಪುಸ್ತಕ

ತೆರಿಗೆಯ ಕಡೆಯಿಂದ ಚುಟುಕಾಗಿ. ನೋಂದಾಯಿತ ಕಚೇರಿಯನ್ನು ಚೆನ್ನೈಗೆ ಸಾಗಿಸಬೇಡಿ. ಊರಿನೊಳಗೆ ಬದಲಾಯಿಸಿದರೆ ಕಂಪನಿ ರಿಜಿಸ್ಟ್ರಾರ್‌ಗೆ ಕೊಡುವ ಐಎನ್‌ಸಿ-22 ಫಾರ್ಮ್ ಒಂದರಲ್ಲೇ ಮುಗಿಯುತ್ತದೆ. ರಾಜ್ಯ ದಾಟಿದರೆ ಐಎನ್‌ಸಿ-23, ಪತ್ರಿಕೆಯಲ್ಲಿ ಜಾಹೀರಾತು, ರೀಜನಲ್ ಡೈರೆಕ್ಟರ್ ಅನುಮತಿ ಎಂದು ತಿಂಗಳುಗಟ್ಟಲೆ ಹೋಗುತ್ತದೆ. ಕರ್ನಾಟಕದ ಎಲಿವೇಟ್‌ನಂಥ ಅನುದಾನಕ್ಕೆ ಇಲ್ಲಿನ ನೋಂದಣಿ ಬೇಕು ಎಂಬುದೂ ನೆನಪಿರಲಿ. ಶಾಖೆ ತೆರೆದರೆ ಸಾಕು.

ಆದರೆ ತಮಿಳುನಾಡಿನಲ್ಲಿ ಪ್ರತ್ಯೇಕ ಜಿಎಸ್‌ಟಿ ನೋಂದಣಿ ಮಾಡಿಸಿ. ಸ್ಥಿರಾಸ್ತಿಯ ಬಾಡಿಗೆಗೆ ತೆರಿಗೆ ಬೀಳುವುದು ಕಟ್ಟಡ ಇರುವ ರಾಜ್ಯದಲ್ಲಿ. ಪಾರ್ಕ್ ನಿಮಗೆ ಹಾಕುವುದು ಸಿಜಿಎಸ್‌ಟಿ (ಕೇಂದ್ರದ ಪಾಲು) ಮತ್ತು ತಮಿಳುನಾಡು ಎಸ್‌ಜಿಎಸ್‌ಟಿ (ರಾಜ್ಯದ ಪಾಲು). ಬೆಂಗಳೂರಿನ ನಂಬರಿನಲ್ಲಿ ಅದರ ತೆರಿಗೆ ಕ್ರೆಡಿಟ್ (ಕೊಟ್ಟ ತೆರಿಗೆಯನ್ನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವುದು; ಪಾರ್ಕಿನ ಕ್ರೆಡಿಟ್ ಅಲ್ಲ) ಸಿಗುವುದಿಲ್ಲ. ನೆಲಮಹಡಿ ಅವರ ಲೆಕ್ಕದ 27,000 ರೂ. ಮೂರು ವರ್ಷಕ್ಕೆ 9.72 ಲಕ್ಷವಾಗುತ್ತದೆ, ಅಷ್ಟೂ ನಷ್ಟ.

ನೋಂದಣಿ ಮಾಡಿಸಿದ ಮೇಲೆ ಇನ್ನೊಂದು ತೊಡಕು. ಆರ್ ಅಂಡ್ ಡಿ ಶಾಖೆ ಏನನ್ನೂ ಮಾರುವುದಿಲ್ಲ, ಹಾಗಾಗಿ ಕ್ರೆಡಿಟ್ ಅಲ್ಲೇ ರಾಶಿ ಬೀಳುತ್ತದೆ. ಚೆನ್ನೈ ಶಾಖೆ ಪೀಣ್ಯಕ್ಕೆ ಪ್ರತಿ ತಿಂಗಳು ಸಂಶೋಧನಾ ಸೇವೆ ಎಂದು ಐಜಿಎಸ್‌ಟಿ (ರಾಜ್ಯಗಳ ನಡುವಿನ ಜಿಎಸ್‌ಟಿ) ಸಮೇತ ಬಿಲ್ ಮಾಡಲಿ. ಆಗ ಕ್ರೆಡಿಟ್ ಪೀಣ್ಯಕ್ಕೆ ಹರಿದು ಅಲ್ಲಿನ ಮಾರಾಟಕ್ಕೆ ವಜಾ ಆಗುತ್ತದೆ. ಸೈಕ್ಲರ್ ಮತ್ತು ಚೇಂಬರನ್ನು ಇಲ್ಲಿಂದ ಅಲ್ಲಿಗೆ ಕಳಿಸುವುದೂ ಕಾನೂನಿನ ಕಣ್ಣಿನಲ್ಲಿ ಎರಡು ಬೇರೆ ವ್ಯಕ್ತಿಗಳ ನಡುವಿನ ಪೂರೈಕೆ. ಇನ್‌ವಾಯ್ಸ್, ಇ-ವೇ ಬಿಲ್ ಇಲ್ಲದೆ ಲಾರಿ ಹತ್ತಿಸಬೇಡಿ.

---

ಯಶವಂತಪುರ_ಸರ್ಕಲ್

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೂ ನನ್ನ ಅಭಿಪ್ರಾಯ ಬೇರೆ. ನಿಮಗೆ ಬೇಕಿರುವುದು ಒಂದು ಸಮಸ್ಯೆಗೆ ಉತ್ತರ ಮತ್ತು ಕೆಲವು ಯಂತ್ರಗಳು. ಇವೆರಡಕ್ಕೂ 2,000 ಚದರಡಿ ಬಾಡಿಗೆ ಹಿಡಿಯಬೇಕಿಲ್ಲ.

ಪ್ರಾಯೋಜಿತ ಸಂಶೋಧನೆಯನ್ನು ಪಾರ್ಕಿನ ಹೊರಗಿರುವ ಕಂಪನಿಯೂ ಐಐಟಿಗೆ ಕೊಡಬಹುದು. ಬೆಂಗಳೂರು-ಚೆನ್ನೈ ಸುಮಾರು 350 ಕಿ.ಮೀ., ವಂದೇ ಭಾರತ್‌ನಲ್ಲಿ ನಾಲ್ಕೂವರೆ ಗಂಟೆಯೊಳಗೆ ಮುಟ್ಟುತ್ತೀರಿ. ಪ್ರಾಧ್ಯಾಪಕರು ತಿಂಗಳಿಗೆ ಒಂದೂವರೆ ದಿನ ಸಿಗುತ್ತಾರೆ ಎಂದಾದರೆ ತಿಂಗಳಿಗೆ ಎರಡು ಸಲ ಹೋಗಿಬರುವುದು ತಿಂಗಳಿಗೆ 1,77,000 ರೂ. ಕೊಡುವುದಕ್ಕಿಂತ ಅಗ್ಗ.

ಯಂತ್ರಗಳ ಬಗ್ಗೆ ಹೇಳುವುದಾದರೆ, ಐ-ಸ್ಟೆಮ್ ಪೋರ್ಟಲಿನಲ್ಲಿ ದೇಶದ ಸಾರ್ವಜನಿಕ ಸಂಸ್ಥೆಗಳ ಉಪಕರಣಗಳ ಪಟ್ಟಿಯಿದೆ. ಅದನ್ನು ನಡೆಸುವುದೇ ನಮ್ಮ ಐಐಎಸ್‌ಸಿಯಿಂದ. ಎಸ್‌ಇಎಂ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ), ಎಕ್ಸ್‌ಆರ್‌ಡಿ (ಎಕ್ಸ್-ರೇಯಿಂದ ಹರಳಿನ ರಚನೆ ನೋಡುವ ಯಂತ್ರ) ಮುಂತಾದವನ್ನು ಗಂಟೆಗೋ ಸ್ಯಾಂಪಲ್ಲಿಗೋ ಇಷ್ಟೆಂದು ಕೊಟ್ಟು ಬಳಸಬಹುದು. ಉದ್ಯಮದ ದರ ವಿದ್ಯಾರ್ಥಿ ದರಕ್ಕಿಂತ ಹೆಚ್ಚು, ಬಜೆಟ್ಟಿನಲ್ಲಿ ಉದ್ಯಮ ದರವನ್ನೇ ಹಾಕಿಕೊಳ್ಳಿ. ಹಳೆಯ ಸೆಲ್ ಬಿಚ್ಚಿ ಎಲೆಕ್ಟ್ರೋಡ್ ನೋಡಬೇಕೆಂದಿದ್ದರೆ ಬುಕ್ ಮಾಡುವ ಮುನ್ನ ಎರಡು ಪ್ರಶ್ನೆ ಕೇಳಿ: ಆರ್ಗಾನ್ ಗ್ಲೋವ್‌ಬಾಕ್ಸ್ (ಆರ್ಗಾನ್ ಅನಿಲ ತುಂಬಿದ, ಗಾಳಿ ತಾಗದಂತೆ ಕೈಗವಸಿನಿಂದ ಕೆಲಸ ಮಾಡುವ ಪೆಟ್ಟಿಗೆ) ಇದೆಯೇ, ಅದರಲ್ಲಿ ನೀರು ಮತ್ತು ಆಮ್ಲಜನಕ 1 ಪಿಪಿಎಂ ಒಳಗಿದೆಯೇ? ಅಲ್ಲಿಂದ ಎಸ್‌ಇಎಂಗೆ ಗಾಳಿ ತಾಗದಂತೆ ಒಯ್ಯುವ ಡಬ್ಬಿ ಇದೆಯೇ? ಇಲ್ಲದಿದ್ದರೆ ನೀವು ನೋಡುವುದು ಗಾಳಿ ತಿಂದ ಎಲೆಕ್ಟ್ರೋಡನ್ನು, ಸವೆದ ಎಲೆಕ್ಟ್ರೋಡನ್ನಲ್ಲ. ವಿದ್ಯುತ್ ಉಪಕರಣಗಳ ಪರೀಕ್ಷೆಗೆ ಸದಾಶಿವನಗರದ ಸಿಪಿಆರ್‌ಐ (ಕೇಂದ್ರ ವಿದ್ಯುತ್ ಸಂಶೋಧನಾ ಸಂಸ್ಥೆ) ಬೆಂಗಳೂರಿನಲ್ಲೇ ಇದೆ.

ಮುಖ್ಯವಾದ ಇನ್ನೊಂದು ಮಾತು. ವಿಶ್ವವಿದ್ಯಾಲಯದ ಲ್ಯಾಬಿನ ವರದಿ ವಿನ್ಯಾಸಕ್ಕೆ ನೆರವಾಗುತ್ತದೆ, ಆದರೆ ಅದು ಪ್ರಮಾಣಪತ್ರವಲ್ಲ. ದ್ವಿಚಕ್ರ ವಾಹನದ ಪ್ಯಾಕಿಗೆ ಬೇಕಾದ ಎಐಎಸ್-156 (ಬ್ಯಾಟರಿ ಸುರಕ್ಷತೆಯ ಮಾನದಂಡ) ಅನುಮೋದನೆ ಕೇಂದ್ರ ಮೋಟಾರು ವಾಹನ ನಿಯಮ 126ರಲ್ಲಿ ಹೆಸರಿಸಿದ ಪರೀಕ್ಷಾ ಸಂಸ್ಥೆಗಳಿಂದಲೇ ಬರಬೇಕು. ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್, ಚೆನ್ನೈ ಹೊರವಲಯದ ಒರಗಡಂನ ಜಿಎಆರ್‌ಸಿ ಇಂಥವು. ಪಾರ್ಕಿನಲ್ಲಿದ್ದರೆ ಅನುಮೋದನೆ ಬೇಗ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಇದನ್ನು ಓದುವ ಬೇರೆಯವರಿಗೂ ಒಂದು ಮಾತು. ನಿಮ್ಮದು ಜೀವವಿಜ್ಞಾನವಾದರೆ ಲೆಕ್ಕ ಪೂರ್ತಿ ತಿರುಗುತ್ತದೆ. ಆಗ ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿ ಜೀವವಿಜ್ಞಾನ ಲ್ಯಾಬುಗಳಿರುವ ಸಿ-ಕ್ಯಾಂಪ್‌ನಂಥ ಕಡೆ ಬೆಂಚ್ ಹಿಡಿಯುವುದೇ ಸರಿ. ಜೈವಿಕ ತಂತ್ರಜ್ಞಾನಕ್ಕೆ ನೆರವಾಗುವ ಕೇಂದ್ರದ ಸಂಸ್ಥೆ ಬೈರ್ಯಾಕ್‌ನ ಬಿಗ್ ಅನುದಾನಕ್ಕೆ (50 ಲಕ್ಷದವರೆಗೆ, 18 ತಿಂಗಳು) ಸ್ವಂತ ಲ್ಯಾಬು ಇಲ್ಲವೇ ಇನ್‌ಕ್ಯುಬೇಟರಿನ ನೆಲೆ ಬೇಕು. ಸೆಲ್ ಕಲ್ಚರ್ ಕೋಣೆಯನ್ನು ಪ್ರತಿಯೊಬ್ಬರೂ ತಾವೇ ಕಟ್ಟಿಕೊಳ್ಳುವುದು ದುಡ್ಡು ಸುರಿದಂತೆ. ಮಂಗಳೂರು, ಮೈಸೂರಿನ ಕಡೆಯವರು ಸುರತ್ಕಲ್ ಎನ್‌ಐಟಿಕೆಯ ಸ್ಟೆಪ್, ಮೈಸೂರಿನ ಎಸ್‌ಜೆಸಿಇ-ಸ್ಟೆಪ್ ಎಂಬ ಸ್ಟಾರ್ಟಪ್ ಪೋಷಣಾ ಕೇಂದ್ರಗಳನ್ನು ನೋಡಿ. ಸಣ್ಣ ತಂಡಕ್ಕೆ ಅಲ್ಲಿ ಆಗುವ ಕೆಲಸಕ್ಕೆ ಮಹಾನಗರದ ಬಾಡಿಗೆ ತೆರಬೇಕಿಲ್ಲ.

---

ಸೆಲ್‌ಪ್ಯಾಕ್_ಪೀಣ್ಯ

ಎಲ್ಲರಿಗೂ ಧನ್ಯವಾದ. 55 ಕಿಲೋವ್ಯಾಟ್ ಮತ್ತು 13.6 ಟನ್ ಲೆಕ್ಕ ನೋಡಿದ ಮೇಲೆ ಸೈಕ್ಲರನ್ನೂ ಚೇಂಬರನ್ನೂ ಪೀಣ್ಯದಲ್ಲೇ ಉಳಿಸುವುದೆಂದು ತೀರ್ಮಾನಿಸಿದೆವು. ಹಾಗಾದರೆ ಅಲ್ಗಾರಿದಂ ಕೆಲಸದ ಮೂವರಿಗೆ ಮಾತ್ರ 400-500 ಚದರಡಿ ಅಥವಾ ಹಂಚಿಕೊಳ್ಳುವ ಸೀಟು ಕೇಳುವುದು ಅರ್ಥಪೂರ್ಣವೇ? ಲಾಕ್-ಇನ್ (ಬಿಟ್ಟು ಹೊರಡಲಾಗದ ಅವಧಿ) ಎಷ್ಟು ಒಪ್ಪಬಹುದು? ವಿದ್ಯಾರ್ಥಿಗಳನ್ನು ಯಾವಾಗ ಕೇಳಬೇಕು?

---

ತರಮಣಿ_ತಿರುವು

ಹೌದು, ಅದು ಸರಿಯಾದ ಅಳತೆ. ಯಶವಂತಪುರ_ಸರ್ಕಲ್ ಅವರ ರೈಲಿನ ಲೆಕ್ಕವನ್ನು ಪ್ರಾಧ್ಯಾಪಕರ ಮಟ್ಟಿಗೆ ಪೂರ್ತಿ ಒಪ್ಪುತ್ತೇನೆ, ವಿದ್ಯಾರ್ಥಿಗಳ ಮಟ್ಟಿಗೆ ಒಪ್ಪುವುದಿಲ್ಲ. ಪ್ರಾಧ್ಯಾಪಕರು ತಿಂಗಳಿಗೆ ಒಂದೂವರೆ ದಿನ ಸಿಕ್ಕಾರು, ಆದರೆ ಎಂಟೆಕ್ ಅಥವಾ ಪಿಎಚ್‌ಡಿ ವಿದ್ಯಾರ್ಥಿ ಪ್ರತಿ ಸಂಜೆ ನಡೆದುಕೊಂಡು ಬರಬಲ್ಲಷ್ಟು ಹತ್ತಿರ ನಿಮ್ಮ ಎಂಜಿನಿಯರ್ ಕೂತಿದ್ದರೆ ತಪ್ಪು ಡೇಟಾ ಅದೇ ದಿನ ಸಿಕ್ಕಿಬೀಳುತ್ತದೆ. ದೂರದಿಂದ ಕಳಿಸಿದ ಫೈಲಿನಲ್ಲಿ ಕರೆಂಟಿನ ಚಿಹ್ನೆ ತಿರುವುಮುರುವಾಗಿದೆ ಎಂಬುದು ಮೂರು ವಾರ ಗೊತ್ತಾಗದೇ ಉಳಿಯಬಹುದು. ನೀವು ಜಾಗಕ್ಕೆ ಹಣ ಕೊಡುವುದು ಈ ಹತ್ತಿರಕ್ಕಾಗಿ. ಅದಕ್ಕೆ ಮೂರು ಕುರ್ಚಿ, ಒಂದು ಮೇಜು, ಕೆಲವು ಬಿಡಿ ಸೆಲ್ಲುಗಳನ್ನು ಪರೀಕ್ಷಿಸುವ 5 ವೋಲ್ಟಿನ ಸಣ್ಣ ಸೈಕ್ಲರ್ ಸಾಕು.

ಲಾಕ್-ಇನ್ ಸಂಶೋಧನಾ ಕರಾರಿನ ಅವಧಿಗಿಂತ ಉದ್ದವಿರಬಾರದು. ಪ್ರಾಜೆಕ್ಟ್ 18 ತಿಂಗಳಾದರೆ ಲಾಕ್-ಇನ್ನೂ 18 ತಿಂಗಳು, ಆಮೇಲೆ ಮೂರು ತಿಂಗಳ ನೋಟಿಸು. ಪ್ರಾಧ್ಯಾಪಕರು ರಜೆಯ ಮೇಲೆ ವಿದೇಶಕ್ಕೆ ಹೋದರೆ ಅಥವಾ ಸಂಸ್ಥೆ ಬಿಟ್ಟರೆ ಪ್ರಾಜೆಕ್ಟನ್ನು ಯಾರು ಮುಂದುವರಿಸುತ್ತಾರೆ ಎಂದು ಸಹ ಮುಖ್ಯಸ್ಥರ ಹೆಸರನ್ನು ಮೊದಲೇ ಬರೆಸಿ. ಇದನ್ನು ಬಿಟ್ಟ ಕರಾರುಗಳು ನಡುದಾರಿಯಲ್ಲಿ ಅನಾಥವಾಗುತ್ತವೆ. ಬಿಡುವಾಗ ಜಾಗವನ್ನು ಯಾವ ಸ್ಥಿತಿಯಲ್ಲಿ ಮರಳಿಸಬೇಕು ಎಂಬ ಷರತ್ತನ್ನೂ ಓದಿ, ಒಳಗೆ ಹೋದ ದಿನವೇ ಫೋಟೋ ತೆಗೆದಿಡಿ.

ವಿದ್ಯಾರ್ಥಿಗಳ ವಿಷಯಕ್ಕೆ ಬಂದರೆ, ಬಿಟೆಕ್‌ನವರು ಸಿಗುವುದು ಬೇಸಿಗೆ ರಜೆಯಲ್ಲಿ, ಮೇ ನಡುವಿನಿಂದ ಜುಲೈ ನಡುವಿನವರೆಗೆ, ಸುಮಾರು 8 ವಾರ. ಅಷ್ಟರಲ್ಲಿ ಚಾರ್ಜ್ ಅಂದಾಜಿನಂಥ ಕೆಲಸ ಆಗುವುದಿಲ್ಲ. ಅವರಿಗೆ ಪರೀಕ್ಷಾ ಸ್ಕ್ರಿಪ್ಟು, ಡೇಟಾ ಶುದ್ಧಿಯಂಥ ಮುಗಿಸಬಹುದಾದ ಕೆಲಸ ಕೊಡಿ. ನಿಮ್ಮ ಸಮಸ್ಯೆಗೆ ಬೇಕಿರುವುದು ಎಂಟೆಕ್ ಕೊನೆಯ ವರ್ಷದ ಪ್ರಾಜೆಕ್ಟ್. ಅದು ಬೇಸಿಗೆಯಲ್ಲೇ ಶುರುವಾಗುತ್ತದೆ, ಆದ್ದರಿಂದ ಆ ಒಂದು ಪುಟ ಫೆಬ್ರವರಿಯೊಳಗೆ ಪ್ರಾಧ್ಯಾಪಕರ ಮೇಜಿನ ಮೇಲಿರಬೇಕು. ಡಿಸೆಂಬರ್ 1ರಿಂದ ಕ್ಯಾಂಪಸ್ ಪ್ಲೇಸ್‌ಮೆಂಟ್ ಶುರು, ಆ ತಿಂಗಳು ವಿದ್ಯಾರ್ಥಿಯಿಂದ ಕೆಲಸ ನಿರೀಕ್ಷಿಸಬೇಡಿ. ನವೆಂಬರ್ ಕೊನೆಯ ವಾರದೊಳಗೆ ಕೋಡು ನಿಮ್ಮ ರೆಪಾಸಿಟರಿಗೆ ಸೇರಿದೆಯೇ, ಕರಾರುಪತ್ರ ಅವರು ಹೇಳಿದ ವರ್ಗಾವಣೆ ಪತ್ರಕ್ಕೆ ಸಹಿ ಬಿದ್ದಿದೆಯೇ ನೋಡಿಕೊಳ್ಳಿ.